ಕರಪತ್ರದ ಅಂಕಿಗಳು, ಪೈಲಾನಿನ ಲೆಕ್ಕ: ತೇಜಸ್ ಒಂದೇ ಹಾರಾಟದಲ್ಲಿ ಏನೇನು ಮಾಡಬಲ್ಲದು?

ಪ್ರಶ್ನೆ: ನಮ್ಮ ಹಗುರ ಯುದ್ಧವಿಮಾನ ತೇಜಸ್ 3,500 ಕೆಜಿ ಆಯುಧ ಹೊರುತ್ತದೆ, ಶಬ್ದದ 1.6 ಪಟ್ಟು ವೇಗದಲ್ಲಿ ಹಾರುತ್ತದೆ, ಆಕಾಶದಲ್ಲಿ ಕಾದಾಡುತ್ತದೆ, ನೆಲದ ಮೇಲೆ ಬಾಂಬನ್ನೂ ಹಾಕುತ್ತದೆ ಎಂದು ಓದಿದ್ದೇನೆ. ಇದೆಲ್ಲ ಒಂದೇ ಹಾರಾಟದಲ್ಲಿ ಸಾಧ್ಯವೇ? 1983ರಲ್ಲಿ ಶುರುವಾದ ಯೋಜನೆಯ ವಿಮಾನ ಸ್ಕ್ವಾಡ್ರನ್ ಸೇರಲು 2016 ಆಗಬೇಕಾಯಿತೇಕೆ? ಮಾರ್ಕ್ 1ಎ ನಿಜಕ್ಕೂ ಬೇರೆ ವಿಮಾನವೇ, ಅಥವಾ ಹೆಸರಷ್ಟೇ ಹೊಸದೇ?

ಉತ್ತರ: ಒಂದು ಹಾರಾಟದಲ್ಲಿ ಎರಡು ಕೆಲಸ ಮಾಡಬಹುದು, ಅದಕ್ಕೂ ಬೆಲೆ ತೆರಬೇಕು. ಕರಪತ್ರದ ಒಂದೊಂದು ಅಂಕಿಯೂ ಸರಿಯೇ, ಆದರೆ ಒಂದೊಂದನ್ನೂ ಬೇರೆ ಬೇರೆ ಪರಿಸ್ಥಿತಿಯಲ್ಲಿ ಅಳೆದಿರುತ್ತಾರೆ. ಬಹುಪಾತ್ರ ವಿಮಾನವನ್ನು ಅರ್ಥ ಮಾಡಿಕೊಳ್ಳಲು ಮೊದಲು ತೂಕದ ಲೆಕ್ಕ ಬೇಕು.

ತೇಜಸ್ ಮಾರ್ಕ್ 1ರ ಖಾಲಿ ತೂಕ ಸುಮಾರು 6,560 ಕೆಜಿ. ಒಡಲಿನೊಳಗಿನ ಇಂಧನ 2,458 ಕೆಜಿ. ಪೈಲಟ್, ಫಿರಂಗಿಯ ಗುಂಡು, ಎಣ್ಣೆ, ಪೈಲಾನ್ (ಆಯುಧ, ಟ್ಯಾಂಕ್ ತೂಗುಹಾಕುವ ಹಿಡಿಕೆ) ಇತ್ಯಾದಿ ಸೇರಿದರೆ ಹೊರಗೆ ಏನೂ ತೂಗುಹಾಕದ ಸ್ಥಿತಿಯಲ್ಲಿ ನೆಲ ಬಿಡುವ ತೂಕ 9,800 ಕೆಜಿ ಆಸುಪಾಸು. ಗರಿಷ್ಠ ಅನುಮತಿ 13,500 ಕೆಜಿ. ಕಳೆದು ನೋಡಿದರೆ ಉಳಿಯುವುದು ಸುಮಾರು 3,700. ಕರಪತ್ರದ 3,500 ಬಂದದ್ದು ಇಲ್ಲಿಂದ. ಆದರೆ ಈ 3,500ರಲ್ಲಿ ಬಾಂಬು, ಕ್ಷಿಪಣಿಗಳ ಜೊತೆ ಹೊರಗಿನ ಡ್ರಾಪ್ ಟ್ಯಾಂಕ್, ಅದರೊಳಗಿನ ಇಂಧನ, ಗುರಿ ತೋರಿಸುವ ಪಾಡ್ ಎಲ್ಲವೂ ಪಾಲು ಕೇಳುತ್ತವೆ. ಪತ್ರಿಕೆಗಳು ಇದನ್ನು ಬರೀ 'ಆಯುಧ ಸಾಮರ್ಥ್ಯ' ಎಂದು ಬರೆದಾಗ ಗೊಂದಲ ಶುರುವಾಗುತ್ತದೆ.

ನೆಲದಾಳಿಯ ಒಂದು ಹಾರಾಟವನ್ನೇ ಜೋಡಿಸಿ ನೋಡಿ. ರೆಕ್ಕೆಯ ಒಳಬದಿಯ ಪೈಲಾನ್‌ಗಳಲ್ಲಿ 1,200 ಲೀಟರಿನ ಎರಡು ಟ್ಯಾಂಕ್. ವಿಮಾನದ ಇಂಧನ ಲೀಟರಿಗೆ ಸುಮಾರು 0.8 ಕೆಜಿ ತೂಗುತ್ತದೆ, ಅಂದರೆ ಇಂಧನವೇ 1,920 ಕೆಜಿ, ಖಾಲಿ ಟ್ಯಾಂಕ್‌ಗಳದ್ದು ಇನ್ನೊಂದಿಷ್ಟು. ನಡುವಿನ ಪೈಲಾನ್‌ಗಳಲ್ಲಿ 450 ಕೆಜಿ ವರ್ಗದ ಎರಡು ಲೇಸರ್ ಬಾಂಬು; ಮಾರ್ಗದರ್ಶಿ ಕಿಟ್ ಸೇರಿ ಹತ್ತಿರ ಹತ್ತಿರ ಒಂದು ಟನ್. ತುದಿಯಲ್ಲಿ ಆತ್ಮರಕ್ಷಣೆಗೆ ಎರಡು ಆರ್-73 ಕ್ಷಿಪಣಿ, ಒಂದೊಂದು 105 ಕೆಜಿ. ಎಂಜಿನ್ನಿಗೆ ಗಾಳಿ ಒಯ್ಯುವ ಎಡಗಡೆಯ ಗಾಳಿಬಾಯಿಯ ಕೆಳಗೆ ಗುರಿ ತೋರಿಸುವ ಲೈಟ್ನಿಂಗ್ ಪಾಡ್, ಸುಮಾರು 200 ಕೆಜಿ. ಕೂಡಿಸಿ ನೋಡಿದರೆ 3,500ರ ಗೆರೆ ಮುಟ್ಟಿರುತ್ತೀರಿ. ಅದರಲ್ಲಿ ಶತ್ರುವಿನ ಮೇಲೆ ಬೀಳುವುದು ಒಂದು ಟನ್ ಮಾತ್ರ. ಇದು ತೇಜಸ್ ಒಂದರ ಕೊರತೆ ಅಂದುಕೊಳ್ಳಬೇಡಿ. ಒಂದೇ ಎಂಜಿನ್ನಿನ ಹಗುರ ಯುದ್ಧವಿಮಾನಗಳೆಲ್ಲದರ ಕಥೆಯೂ ಹೆಚ್ಚು ಕಡಿಮೆ ಇದೇ ಅನುಪಾತದಲ್ಲಿದೆ.

ತೂಕಕ್ಕಿಂತ ಮೊದಲು ಮುಗಿದುಹೋಗುವುದು ಜಾಗ. ಮಾರ್ಕ್ 1ರಲ್ಲಿ ಎಂಟು ಪೈಲಾನ್: ಒಂದೊಂದು ರೆಕ್ಕೆಗೆ ಮೂರು, ಹೊಟ್ಟೆಯ ನಡುಗೆರೆಯಲ್ಲಿ ಒಂದು, ಪಾಡ್‌ಗೆಂದೇ ಮೀಸಲಾದ ಇನ್ನೊಂದು. ಭಾರದ ಟ್ಯಾಂಕ್ ಹೊರಲು ಗಟ್ಟಿಯಿರುವುದು ಒಳಬದಿಯವು ಮತ್ತು ನಡುಗೆರೆಯದು. ತುದಿಯವು ಹಗುರ ಕ್ಷಿಪಣಿಗೆ. ಹೀಗಾಗಿ ದೂರ ಚಿಮ್ಮುವ ಡರ್ಬಿ ಅಥವಾ ಅಸ್ತ್ರ ಕ್ಷಿಪಣಿಗೂ ಲೇಸರ್ ಬಾಂಬಿಗೂ ನಡುವಿನ ಅದೇ ಪೈಲಾನ್ ಬೇಕು. ಬಾಂಬು ಹಾಕಿದರೆ ಕಣ್ಣಳತೆ ಮೀರಿದ ಕದನ ಕೈಬಿಟ್ಟಂತೆ, ಕ್ಷಿಪಣಿ ಹಾಕಿದರೆ ಬಾಂಬು ಬಿಟ್ಟಂತೆ. ಒಂದು ಕಡೆ ಅದು, ಇನ್ನೊಂದು ಕಡೆ ಇದು ಎಂದು ಜೋಡಿಸಬಹುದಲ್ಲ ಎಂದರೆ, ರೆಕ್ಕೆಯ ಎರಡು ಬದಿಯ ತೂಕ ಮತ್ತು ಗಾಳಿತಡೆ ಬೇರೆಯಾಗುತ್ತದೆ. ಅಂಥ ಪ್ರತಿ ಜೋಡಣೆಯನ್ನೂ ಬೇರೆಯಾಗಿ ಪರೀಕ್ಷಿಸಿ ಅನುಮತಿ ಪಡೆಯಬೇಕು. ಮಾರ್ಕ್ 1ಎಯ ಮುಖ್ಯ ಸುಧಾರಣೆಗಳಲ್ಲಿ ಒಂದು ಈ ಇಕ್ಕಟ್ಟಿಗೇ ಕೊಟ್ಟ ಉತ್ತರ. ಅದಕ್ಕೆ ಆಮೇಲೆ ಬರುತ್ತೇನೆ.

ಜನರಿಗೆ ಹೊಳೆಯದ ಇನ್ನೊಂದು ಮಿತಿ ಇಳಿಯುವ ತೂಕ. ಗುರಿ ಸಿಗದೆ ಬಾಂಬು ಹೊತ್ತೇ ಹಿಂದಿರುಗಬೇಕಾದರೆ ಚಕ್ರ, ಬ್ರೇಕು, ಚಕ್ರದ ಕಾಲು ಆ ಭಾರವನ್ನು ತಡೆಯಬೇಕು. ಬ್ರೇಕು ನುಂಗುವ ಶಕ್ತಿ ವೇಗದ ವರ್ಗಕ್ಕೆ ಅನುಗುಣ. ಸಮುದ್ರಮಟ್ಟದಿಂದ 3,200 ಮೀಟರಿಗೂ ಎತ್ತರದ ಲೇಹ್‌ನಲ್ಲಿ ಗಾಳಿ ತೆಳುವಾದ್ದರಿಂದ, ವೇಗಮಾಪಕದಲ್ಲಿ ಅದೇ ವೇಗ ಕಂಡರೂ ನೆಲದ ಮೇಲಿನ ನಿಜವೇಗ ಜಾಸ್ತಿ, ಬ್ರೇಕು ಬಿಸಿಯಾಗುವುದೂ ಜಾಸ್ತಿ. ಲೇಹ್‌ನ ಚಳಿಗಾಲದ ಪ್ರಯೋಗಗಳಲ್ಲಿ ಎಂಜಿನ್ ಚಾಲೂ ಆಗುವುದರಷ್ಟೇ ಮುಖ್ಯವಾಗಿ ಇದನ್ನೂ ನೋಡುತ್ತಾರೆ.

ಇನ್ನು ಇಂಧನ. ಎಫ್404-ಐಎನ್20 ಎಂಜಿನ್ ಆಫ್ಟರ್‌ಬರ್ನರ್ (ಹೊರಹೋಗುವ ಬಿಸಿ ಅನಿಲಕ್ಕೆ ಇನ್ನಷ್ಟು ಇಂಧನ ಸುರಿದು ಉರಿಸುವ ಭಾಗ) ಹಚ್ಚಿದಾಗ ಸುಮಾರು 85 ಕಿಲೋನ್ಯೂಟನ್ ನೂಕುಬಲ ಕೊಡುತ್ತದೆ. ಈ ವರ್ಗದ ಎಂಜಿನ್‌ಗಳ ಸಾಮಾನ್ಯ ಬಳಕೆದರ ಹಿಡಿದು ಲೆಕ್ಕ ಹಾಕಿದರೆ ನೆಲಮಟ್ಟದಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 250 ಕೆಜಿ. ಒಡಲಿನ ಅಷ್ಟೂ ಇಂಧನ ಹತ್ತು ನಿಮಿಷದಲ್ಲಿ ಖಾಲಿ! ಆಫ್ಟರ್‌ಬರ್ನರ್ ಇಲ್ಲದೆ ಪೂರ್ಣ ಬಲದಲ್ಲಿ ಓಡಿಸಿದರೆ ಅದು ಮೂರನೇ ಒಂದಕ್ಕೂ ಕಡಿಮೆಯಾಗುತ್ತದೆ, ಎತ್ತರದಲ್ಲಿ ನಿಧಾನ ಪಯಣಿಸುವಾಗ ಇನ್ನೂ ಬಹಳ ಕಡಿಮೆ. ಆದ್ದರಿಂದ 'ಎಷ್ಟು ದೂರ ಹೋಗುತ್ತದೆ' ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಇಡೀ ದಾರಿ ಎತ್ತರದಲ್ಲೇ ಹೋಗಿ ಬರುವುದು ಒಂದು ಲೆಕ್ಕ, ಗುರಿಯ ಹತ್ತಿರ ರೇಡಾರ್ ತಪ್ಪಿಸಲು ನೆಲಕ್ಕಂಟಿ ಹಾರುವುದು ಇನ್ನೊಂದು, ಅದರ ಮೇಲೆ ಎರಡು ನಿಮಿಷದ ಕದನ ಬಿದ್ದರೆ ಮತ್ತೊಂದು. ಆ ಎರಡು ನಿಮಿಷಕ್ಕೆ ಐದುನೂರು ಕೆಜಿ ಎತ್ತಿಡಬೇಕು. ಬಾನಲ್ಲೇ ಇಂಧನ ತುಂಬುವ ಕೊಳವೆ ಇದ್ದರೆ ಈ ಲೆಕ್ಕ ಸಡಿಲವಾಗುತ್ತದೆ. ಐಎಲ್-78 ಟ್ಯಾಂಕರ್‌ನಿಂದ ತೇಜಸ್ ಮೊದಲ ಸಲ ಇಂಧನ ಪಡೆದದ್ದು 2018ರ ಸೆಪ್ಟೆಂಬರ್‌ನಲ್ಲಿ.

1.6 ಪಟ್ಟು ಶಬ್ದವೇಗದ ಮಾತನ್ನು ಬೇಗ ಮುಗಿಸುತ್ತೇನೆ. ಅದು ಎತ್ತರದ ತಣ್ಣನೆ ಗಾಳಿಯಲ್ಲಿ, ಹಗುರ ಕ್ಷಿಪಣಿಯಷ್ಟೇ ಇರುವಾಗ, ಆಫ್ಟರ್‌ಬರ್ನರ್ ಉರಿಯುತ್ತಿರುವಾಗ ಸಿಗುವ ಅಂಕಿ. ಬಾಂಬು, ಟ್ಯಾಂಕ್ ತೂಗಿದ ವಿಮಾನ ಶಬ್ದವೇಗದ ಒಳಗೇ ಕೆಲಸ ಮಾಡುತ್ತದೆ, ಜಗತ್ತಿನ ಬಹುತೇಕ ಯುದ್ಧವಿಮಾನಗಳ ಹಾಗೆಯೇ. ಈ ಅಂಕಿಯ ಮೇಲೆ ನಡೆಯುವ ವಾದಗಳಿಗೆ ಯುದ್ಧದಲ್ಲಿ ಹೆಚ್ಚು ಬೆಲೆಯಿಲ್ಲ.

ತಿರುಗುವ ಶಕ್ತಿಯ ವಿಷಯ ಹಾಗಲ್ಲ, ಅಲ್ಲಿ ವಿನ್ಯಾಸದ ಆತ್ಮವೇ ಇದೆ. ತೇಜಸ್‌ಗೆ ಬಾಲದ ಅಡ್ಡರೆಕ್ಕೆ ಇಲ್ಲ. ದೊಡ್ಡ ತ್ರಿಕೋನ ರೆಕ್ಕೆ ಮಾತ್ರ. 8.2 ಮೀಟರ್ ಅಗಲಕ್ಕೆ 38.4 ಚದರ ಮೀಟರ್ ವಿಸ್ತೀರ್ಣ. ಹಗುರ ಸ್ಥಿತಿಯಲ್ಲಿ ಚದರ ಮೀಟರಿಗೆ ಸುಮಾರು 255 ಕೆಜಿ ಭಾರ ಬೀಳುತ್ತದೆ, ಇದು ಕಡಿಮೆ. ಆದ್ದರಿಂದ ತಟ್ಟನೆ ಮೂತಿ ತಿರುಗಿಸುವುದರಲ್ಲಿ ವಿಮಾನ ಚುರುಕು. ಆದರೆ ಅಗಲಕ್ಕೆ ಹೋಲಿಸಿದರೆ ರೆಕ್ಕೆ ಬಹಳ ಆಳ, ಅಗಲದ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು 1.75 ಮಾತ್ರ. ಇಂಥ ರೆಕ್ಕೆ ಎತ್ತುವಬಲ ಹುಟ್ಟಿಸುವಾಗ ಗಾಳಿತಡೆಯನ್ನೂ ಧಾರಾಳವಾಗಿ ಹುಟ್ಟಿಸುತ್ತದೆ. ಒಂದೇ ವೇಗದಲ್ಲಿ 8 ಜಿ, ಅಂದರೆ ಗುರುತ್ವದ ಎಂಟು ಪಟ್ಟಿನ, ತಿರುವು ತೆಗೆದುಕೊಂಡರೆ ಎತ್ತುವಬಲ ಎಂಟು ಪಟ್ಟು, ಅದರಿಂದ ಹುಟ್ಟುವ ತಡೆ ಅರವತ್ತನಾಲ್ಕು ಪಟ್ಟು. ಎಂಜಿನ್ನಿಗೆ ಅದನ್ನು ತುಂಬಿಕೊಡುವ ಬಲ ಇಲ್ಲದಿದ್ದರೆ ವೇಗ ಸೋರಿಹೋಗುತ್ತದೆ. ಮೊದಲ ತಿರುವು ಚೂಪು, ಮೂರನೆಯದು ಸಪ್ಪೆ. ಅರ್ಧ ಇಂಧನ, ಹೊರಗೆ ಏನೂ ಇಲ್ಲ ಎಂದಾದರೆ ನೂಕುಬಲ ಮತ್ತು ತೂಕದ ಅನುಪಾತ ಸರಿಸುಮಾರು ಒಂದಕ್ಕೊಂದು. ನಾಲ್ಕು ಕ್ಷಿಪಣಿ ಮತ್ತು ನಡುಗೆರೆಯ ಟ್ಯಾಂಕ್ ಹೊತ್ತು ಹನ್ನೊಂದು ಟನ್ ಆದಾಗ 0.79, ತುಂಬಿ 13.5 ಟನ್ ಆದಾಗ 0.64. ಇದೂ ಪರೀಕ್ಷಾಕಟ್ಟೆಯ ನೂಕುಬಲ ಹಿಡಿದ ಲೆಕ್ಕ. ಎಂಜಿನ್ ವಿಮಾನದೊಳಗೆ ಕೂತ ಮೇಲೆ ಗಾಳಿಬಾಯಿಯಲ್ಲಿ ಸ್ವಲ್ಪ ನಷ್ಟವಾಗುತ್ತದೆ, ಬೇಸಿಗೆಯ ಮಧ್ಯಾಹ್ನದ ಜೈಸಲ್ಮೇರ್‌ನಲ್ಲಿ ಇನ್ನಷ್ಟು.

ಬಾಲವಿಲ್ಲದ ತ್ರಿಕೋನ ರೆಕ್ಕೆಯ ಹಳೆಯ ರೋಗ ಒಂದಿದೆ. ವಿಮಾನವನ್ನು ಸಹಜವಾಗಿ ಸ್ಥಿರವಾಗಿರುವಂತೆ ಕಟ್ಟಿದರೆ, ಮೂತಿ ಮೇಲೆತ್ತಲು ರೆಕ್ಕೆಯ ಹಿಂಚಿನ ಎಲಿವಾನ್‌ಗಳನ್ನು, ಅಂದರೆ ಮೇಲೆ ಕೆಳಗೆ ಬಾಗುವ ಹಲಗೆಗಳನ್ನು, ಮೇಲಕ್ಕೆ ಮಡಿಸಬೇಕು. ಆಗ ಎತ್ತುವಬಲ ಬೇಕಾದ ಹೊತ್ತಿನಲ್ಲೇ ಅದು ಕಡಿಮೆಯಾಗುತ್ತದೆ, ಇಳಿಯುವ ವೇಗ ಏರುತ್ತದೆ, ಉದ್ದದ ರನ್‌ವೇ ಬೇಕಾಗುತ್ತದೆ. ತೂಕದ ಕೇಂದ್ರವನ್ನು ಹಿಂದಕ್ಕೆ ಸರಿಸಿ ವಿಮಾನವನ್ನು ಬೇಕೆಂದೇ ಅಸ್ಥಿರಗೊಳಿಸಿದರೆ ಎಲಿವಾನ್ ಕೆಳಕ್ಕೆ ಬಾಗಿ ಎತ್ತುವಬಲಕ್ಕೆ ನೆರವಾಗುತ್ತದೆ. ಲಾಭ ದೊಡ್ಡದು, ಆದರೆ ಅಂಥ ವಿಮಾನವನ್ನು ಮನುಷ್ಯನ ಕೈ ಹಾರಿಸಲಾರದು. ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿದ ಹಾಗೆ ಪ್ರತಿ ಕ್ಷಣ ತಿದ್ದುತ್ತಲೇ ಇರಬೇಕು. ಆ ಕೆಲಸ ಕಂಪ್ಯೂಟರಿನದು.

ತೇಜಸ್‌ನಲ್ಲಿ ನಿಯಂತ್ರಣ ಕಂಪ್ಯೂಟರಿನ ನಾಲ್ಕು ಸಮಾನಾಂತರ ಕಾಲುವೆಗಳಿವೆ, ಅಂದರೆ ಒಂದೇ ಲೆಕ್ಕವನ್ನು ಬೇರೆ ಬೇರೆಯಾಗಿ ಮಾಡುವ ನಾಲ್ಕು ಚಾನೆಲ್‌ಗಳು. ಪೈಲಟ್ ಕೋಲು ಎಳೆದರೆ ಅದು 'ಇಷ್ಟು ಜಿ ಬೇಕು' ಎಂಬ ಬೇಡಿಕೆಯಷ್ಟೇ. ಯಾವ ಎಲಿವಾನ್ ಎಷ್ಟು ಬಾಗಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ನಾಲ್ಕೂ ಕಾಲುವೆಗಳು ಸೆಕೆಂಡಿಗೆ ಹತ್ತಾರು ಸಲ ಉತ್ತರ ಹೋಲಿಸುತ್ತವೆ. ಒಂದು ಬೇರೆ ಹೇಳಿದರೆ ಉಳಿದ ಮೂರು ಅದನ್ನು ಹೊರಗಿಡುತ್ತವೆ, ಇನ್ನೊಂದು ಕೆಟ್ಟರೂ ಹಾರಾಟ ನಡೆಯುತ್ತದೆ. ಇಷ್ಟಾದರೂ ಒಂದು ಅಪಾಯ ಉಳಿಯಿತು: ನಾಲ್ಕರಲ್ಲೂ ಓಡುವ ತಂತ್ರಾಂಶ ಒಂದೇ. ಅದರಲ್ಲಿ ದೋಷವಿದ್ದರೆ ನಾಲ್ಕೂ ಒಮ್ಮತದಿಂದ ತಪ್ಪು ಮಾಡುತ್ತವೆ. ಆದ್ದರಿಂದಲೇ ಪ್ರತಿ ಸಾಲನ್ನೂ ಸ್ವತಂತ್ರ ತಂಡದಿಂದ ತಪಾಸಣೆ ಮಾಡಿಸಬೇಕು.

ಇದು ಪುಸ್ತಕದ ಭಯವಾಗಿರಲಿಲ್ಲ. ಸ್ವೀಡನ್ನಿನ ಗ್ರಿಪೆನ್‌ನ ಮೊದಲ ಮಾದರಿ 1989ರ ಫೆಬ್ರವರಿಯಲ್ಲಿ ಇಳಿಯುವಾಗಲೇ ಉರುಳಿಬಿತ್ತು, 1993ರ ಆಗಸ್ಟ್‌ನಲ್ಲಿ ಸ್ಟಾಕ್‌ಹೋಮಿನ ಪ್ರದರ್ಶನದಲ್ಲಿ ಇನ್ನೊಂದು. ಅಮೆರಿಕದ ವೈಎಫ್-22 ಕೂಡ 1992ರಲ್ಲಿ ಇಂಥದೇ ಕಾರಣಕ್ಕೆ ರನ್‌ವೇಗೆ ಬಡಿಯಿತು. ಎಲ್ಲದರ ಹಿಂದಿನ ಯಂತ್ರತತ್ವ ಒಂದೇ ಜಾತಿಯದು. ಎಣ್ಣೆಯ ಒತ್ತಡದಿಂದ ತಳ್ಳುವ ಹೈಡ್ರಾಲಿಕ್ ಆಕ್ಚುಯೇಟರುಗಳು ಎಲಿವಾನನ್ನು ಒಂದು ಮಿತಿಗಿಂತ ವೇಗವಾಗಿ ಚಲಿಸಲಾರವು. ಪೈಲಟ್ ಗಾಬರಿಯಲ್ಲಿ ಕೋಲನ್ನು ಆಚೀಚೆ ಜೋರಾಗಿ ಆಡಿಸಿದರೆ ಬೇಡಿಕೆ ಮುಂದೆ ಹೋಗುತ್ತದೆ, ಎಲಿವಾನ್ ಹಿಂದೆ ಬೀಳುತ್ತದೆ. ಆ ತಡವೇ ಪೈಲಟ್ಟಿನ ತಿದ್ದುಪಡಿಯನ್ನು ತೂಗಾಟವಾಗಿ ಬದಲಿಸಿ, ಪ್ರತಿ ಸುತ್ತಿಗೂ ದೊಡ್ಡದು ಮಾಡುತ್ತದೆ. ನಿಯಂತ್ರಣ ಸೂತ್ರಗಳನ್ನು ಬರೆಯುವವರು ಬಹಳಷ್ಟು ಸಮಯ ಕಳೆಯುವುದು ಈ ತಡವನ್ನು ಪಳಗಿಸಲು.

ಈಗ ನಿಮ್ಮ ಎರಡನೇ ಪ್ರಶ್ನೆ. 1983 ಎನ್ನುವುದು ಸರಕಾರ ಯೋಜನೆಗೆ ಒಪ್ಪಿದ ವರ್ಷ. ಬೆಂಗಳೂರಿನಲ್ಲಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ, ಅಂದರೆ ಎಡಿಎ, ಹುಟ್ಟಿದ್ದು 1984ರಲ್ಲಿ. ವಾಯುಪಡೆ ತನ್ನ ಬೇಡಿಕೆಪಟ್ಟಿ ಕೊಟ್ಟದ್ದು 1985ರಲ್ಲಿ, ಫ್ರಾನ್ಸಿನ ಡಾಸೋ ಸಲಹೆಯೊಂದಿಗೆ ವಿನ್ಯಾಸದ ರೂಪುರೇಷೆ ಮುಗಿದದ್ದು 1988ರಲ್ಲಿ. ಪೂರ್ಣ ಪ್ರಮಾಣದ ಅಭಿವೃದ್ಧಿಗೆ ಹಣ ಮಂಜೂರಾದದ್ದು 1993ರಲ್ಲಿ. ಅಂದರೆ ಮೊದಲ ಹತ್ತು ವರ್ಷ ಬಹುಪಾಲು ಕಾಗದದಲ್ಲೇ ಕಳೆಯಿತು. ಮೂವತ್ತು ವರ್ಷ ಎಂದು ಮೂದಲಿಸುವವರು ಇದನ್ನು ಗಮನಿಸುವುದಿಲ್ಲ. ಎಲ್ಲ ತಪ್ಪೂ ಹಣ ತಡವಾದದ್ದರದೇ ಎನ್ನುವವರು ಮುಂದಿನದನ್ನು ಗಮನಿಸುವುದಿಲ್ಲ.

ಮೊದಲ ವಿಮಾನ ಟಿಡಿ-1 ಹ್ಯಾಂಗರಿನಿಂದ ಹೊರಬಂದದ್ದು 1995ರ ನವೆಂಬರ್ 17ರಂದು. ಹಾರಿದ್ದು 2001ರ ಜನವರಿ 4ರಂದು, ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ, ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅವರ ಕೈಯಲ್ಲಿ. ಈ ಐದು ವರ್ಷ ಮುಖ್ಯವಾಗಿ ನುಂಗಿದ್ದು ಮೇಲೆ ಹೇಳಿದ ಹಾರಾಟ ನಿಯಂತ್ರಣವೇ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ನೆಲೆಯೂರಿದ ರಾಷ್ಟ್ರೀಯ ತಂಡ ಬರೆದ ಸೂತ್ರಗಳನ್ನು 1996ರಲ್ಲಿ ಅಮೆರಿಕದಲ್ಲಿ, ಬೇರೆ ವಿಮಾನದ ಸ್ವಭಾವವನ್ನು ಅನುಕರಿಸಬಲ್ಲ ವಿಶೇಷ ಎಫ್-16ರಲ್ಲಿ ಹಾರಿಸಿ ನೋಡಲಾಗಿತ್ತು. 1998ರ ಮೇ ತಿಂಗಳ ಪೋಖ್ರಾಣ್ ಪರೀಕ್ಷೆಯ ಬಳಿಕ ನಿರ್ಬಂಧ ಬಂತು. ಲಾಕ್‌ಹೀಡ್ ಮಾರ್ಟಿನ್ ಜೊತೆಗಿನ ಕೆಲಸ ನಿಂತಿತು, ಅಲ್ಲಿದ್ದ ನಮ್ಮ ಎಂಜಿನಿಯರ್‌ಗಳು ವಾಪಸಾದರು, ಉಪಕರಣ ಅಲ್ಲೇ ಉಳಿಯಿತು. ಉಳಿದ ತಪಾಸಣೆಯನ್ನು ಬೆಂಗಳೂರಿನ 'ಐರನ್ ಬರ್ಡ್' ಕಟ್ಟೆಯಲ್ಲಿ, ನಿಜವಾದ ಹೈಡ್ರಾಲಿಕ್, ಆಕ್ಚುಯೇಟರ್, ಕಂಪ್ಯೂಟರ್‌ಗಳನ್ನು ನೆಲದ ಮೇಲೆ ಜೋಡಿಸಿ ಮುಗಿಸಬೇಕಾಯಿತು. ತಡವಾಯಿತು, ನಿಜ. ಆದರೆ ಗ್ರಿಪೆನ್‌ಗೆ ಆದದ್ದು ಇಲ್ಲಿ ಆಗಲಿಲ್ಲ. ತೇಜಸ್‌ನ ಮೊದಲ ಅಪಘಾತ ನಡೆದದ್ದು 2024ರ ಮಾರ್ಚ್ 12ರಂದು, ಜೈಸಲ್ಮೇರ್ ಬಳಿ, ಪೈಲಟ್ ಪಾರಾದರು. 2025ರ ನವೆಂಬರ್ 21ರಂದು ದುಬೈ ಪ್ರದರ್ಶನದಲ್ಲಿ ಬಿದ್ದ ವಿಮಾನದ ಪೈಲಟ್ ಮಾತ್ರ ಉಳಿಯಲಿಲ್ಲ.

ಹಾರಿದ ಮೇಲೂ ಕೆಲಸ ಮುಗಿಯುವುದಿಲ್ಲ, ಬಹುಪಾತ್ರದ ನಿಜವಾದ ದುಡಿಮೆ ಅಲ್ಲಿಂದ ಆರಂಭ. ಮೊದಲು ವಿಮಾನದ ವೇಗ, ಎತ್ತರ, ಜಿ ಮಿತಿಗಳನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಹಿಗ್ಗಿಸುತ್ತಾರೆ. ಪ್ರತಿ ಹೆಜ್ಜೆಯಲ್ಲಿ ರೆಕ್ಕೆಯನ್ನು ಬೇಕೆಂದೇ ಕಂಪಿಸಿ, ಆ ಕಂಪನ ಎಷ್ಟು ಬೇಗ ಅಡಗುತ್ತದೆ ಎಂದು ಅಳೆಯುತ್ತಾರೆ. ಅಡಗುವುದು ನಿಧಾನವಾಗುತ್ತಿದ್ದರೆ ಫ್ಲಟರ್ ಹತ್ತಿರ ಬಂತು ಎಂದರ್ಥ, ಇನ್ನೂ ಮುಂದೆ ಹೋದರೆ ರೆಕ್ಕೆ ತಾನೇ ತಾನಾಗಿ ಹರಿದುಕೊಳ್ಳಬಹುದು. ರೆಕ್ಕೆಯ ಕೆಳಗೆ ತೂಗುವ ಪ್ರತಿ ಹೊಸ ವಸ್ತುವೂ ಈ ಕಂಪನದ ಲೆಕ್ಕ ಬದಲಿಸುತ್ತದೆ. ಆರಂಭದಲ್ಲಿ ತುದಿಯ ಪೈಲಾನಿಗೆ ಲೆಕ್ಕ ಹಾಕಿದ್ದು ನಲವತ್ತು ಚಿಲ್ಲರೆ ಕೆಜಿಯ ಆರ್-60 ಕ್ಷಿಪಣಿಗೆ. ಆಮೇಲೆ 105 ಕೆಜಿಯ ಆರ್-73 ಬೇಕೆಂದಾಯಿತು. ಅರವತ್ತು ಕೆಜಿ ಏನು ಮಹಾ ಎನಿಸಬಹುದು, ಆದರೆ ರೆಕ್ಕೆಯ ತುದಿಯಲ್ಲಿ ಅದು ಬುಡಕ್ಕೆ ಹೇರುವ ಬಾಗುಬಲ ದೊಡ್ಡದು. ರೆಕ್ಕೆಯ ರಚನೆಯನ್ನೇ ಬಲಪಡಿಸಬೇಕಾಯಿತು, ತೂಕ ಏರಿತು. ಬೇಡಿಕೆಪಟ್ಟಿಯ ಒಂದು ಸಾಲು ತಿದ್ದಿದರೆ ಕಾರ್ಖಾನೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಆಯುಧ ಜೋಡಣೆಯ ಕ್ರಮ ಹೀಗೆ. ಮೊದಲು ನೆಲದಲ್ಲಿ ತೂಗುಹಾಕಿ, ಚಕ್ರದ ಬಾಗಿಲಿಗೆ, ಎಲಿವಾನಿಗೆ ತಾಗುತ್ತದೆಯೇ ನೋಡುತ್ತಾರೆ. ಗಾಳಿ ಸುರಂಗದಲ್ಲಿ ಮತ್ತು ಕಂಪ್ಯೂಟರಿನಲ್ಲಿ ಅದು ಕಳಚಿಕೊಂಡಾಗ ಎತ್ತ ಹೋಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಶಬ್ದವೇಗದ ಹತ್ತಿರ ರೆಕ್ಕೆಯ ಕೆಳಗಿನ ಗಾಳಿ ವಿಚಿತ್ರ. ಕಳಚಿದ ಬಾಂಬು ಕೆಳಗೆ ಬೀಳುವ ಬದಲು ಮೂತಿ ಎತ್ತಿ ವಿಮಾನಕ್ಕೇ ಬಡಿದ ಪ್ರಸಂಗಗಳು ವಿಮಾನ ಇತಿಹಾಸದಲ್ಲಿ ಬೇಕಾದಷ್ಟಿವೆ. ಅದಕ್ಕೇ ಪೈಲಾನಿನಲ್ಲಿ ಸಣ್ಣ ಸಿಡಿಮದ್ದಿನ ಕಾರ್ಟ್ರಿಜ್ ಇಟ್ಟು ಬಾಂಬನ್ನು ಕೆಳಕ್ಕೆ ಒದೆಯುತ್ತಾರೆ. ನಂತರ ಹೊತ್ತು ಹಾರುವ ಪರೀಕ್ಷೆ, ಅದಾದ ಮೇಲೆ ಅತಿವೇಗದ ಕ್ಯಾಮೆರಾಗಳ ಮುಂದೆ ಕಳಚುವ ಪರೀಕ್ಷೆ, ಕೊನೆಗೆ ನಿಜವಾದ ಗುರಿಯ ಮೇಲೆ ಪ್ರಯೋಗ. ಕ್ಷಿಪಣಿಯಾದರೆ ಇನ್ನೊಂದು ತೊಡಕು: ಅದು ಚಿಮ್ಮುವಾಗ ಬಿಡುವ ಬಿಸಿ ಹೊಗೆ ಗಾಳಿಬಾಯಿಗೆ ನುಗ್ಗಿದರೆ ಎಂಜಿನ್ ಕೆಮ್ಮಿ ಆರಿಹೋಗಬಹುದು. ಫಿರಂಗಿಗೂ ಇದೇ ಕಾಟ, ಜೊತೆಗೆ ಕಂಪನ. ತೇಜಸ್‌ನ 23 ಮಿಮೀ ಜೋಡಿನಳಿಕೆಯ ಜಿಎಸ್‌ಎಚ್-23 ಕೂತಿರುವುದು ಬಲಗಡೆಯ ಗಾಳಿಬಾಯಿಯ ಕೆಳಗೇ.

ಇದೆಲ್ಲ ಯಾಂತ್ರಿಕ ಭಾಗ. ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದು ಮಾತುಕತೆ. ರೇಡಾರ್ ಗುರಿ ಹಿಡಿಯಬೇಕು, ಮಿಷನ್ ಕಂಪ್ಯೂಟರ್ ಅದನ್ನು ಕ್ಷಿಪಣಿಗೆ ಅರ್ಥವಾಗುವ ನಿರ್ದೇಶಾಂಕಕ್ಕೆ ತಿರುಗಿಸಬೇಕು, ಆಯುಧ ನಿರ್ವಹಣಾ ಪೆಟ್ಟಿಗೆ ಸರಿಯಾದ ಕ್ರಮದಲ್ಲಿ ವಿದ್ಯುತ್ತು ಕೊಡಬೇಕು, ಚಿಮ್ಮಿದ ಮೇಲೂ ಡೇಟಾ ಲಿಂಕ್‌ನಲ್ಲಿ ಗುರಿಯ ಹೊಸ ಸ್ಥಾನ ಹೇಳುತ್ತಿರಬೇಕು, ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲಿ ಕ್ಷಿಪಣಿಯ ಸ್ವಂತ ಕಣ್ಣು ತೆರೆಯಬೇಕು. ಇವುಗಳಲ್ಲಿ ರಷ್ಯಾದ ಕ್ಷಿಪಣಿ, ಇಸ್ರೇಲಿನ ರೇಡಾರ್, ನಮ್ಮ ಕಂಪ್ಯೂಟರ್ ಇದ್ದರೆ ಪ್ರತಿ ಜೋಡಿಗೂ ಹೊಸ ಸಂಪರ್ಕ ಬರೆಯಬೇಕು, ಮೂಲ ತಯಾರಕರ ಅನುಮತಿಯೂ ಬೇಕು. ಅಸ್ತ್ರ ಕ್ಷಿಪಣಿಯನ್ನು ತೇಜಸ್‌ನಿಂದ ಮೊದಲ ಬಾರಿ ಹಾರಿಸಿದ್ದು 2023ರ ಆಗಸ್ಟ್ 23ರಂದು, ಗೋವಾ ಕರಾವಳಿಯಾಚೆ. ಕ್ಷಿಪಣಿಯೂ ನಮ್ಮದೇ, ಕಂಪ್ಯೂಟರೂ ನಮ್ಮದೇ ಆದಾಗ ಮುಂದಿನ ಬದಲಾವಣೆಗೆ ಯಾರ ಬಾಗಿಲನ್ನೂ ತಟ್ಟಬೇಕಿಲ್ಲ. ಸ್ವದೇಶಿ ಎಂಬುದರ ಪ್ರಾಯೋಗಿಕ ಅರ್ಥ ನನ್ನ ಪ್ರಕಾರ ಇದು.

ರೇಡಾರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅದರ ವ್ಯಾಪ್ತಿ ಗುರಿಯ ಪ್ರತಿಫಲನದ ನಾಲ್ಕನೇ ಮೂಲಕ್ಕೆ ಅನುಗುಣ. ಪ್ರತಿಫಲನ ಹದಿನಾರನೇ ಒಂದಾದರೆ ವ್ಯಾಪ್ತಿ ಅರ್ಧ. ಯಾವ ಗಾತ್ರದ ಗುರಿಗೆ ಎಂದು ಹೇಳದೆ ಕೊಡುವ ಕಿಲೋಮೀಟರ್ ಅಂಕಿಗೆ ಅರ್ಥವಿಲ್ಲ. ಮೂತಿಯ ಟೋಪಿಯೂ ಲೆಕ್ಕಕ್ಕೆ ಬರುತ್ತದೆ. ಸುಮಾರು 3 ಸೆಂಟಿಮೀಟರ್ ತರಂಗಕ್ಕೆ ರೇಡೋಮ್‌ನ ದಪ್ಪ ಮತ್ತು ವಸ್ತು ಸರಿಹೊಂದದಿದ್ದರೆ ಶಕ್ತಿ ಅಲ್ಲೇ ಹೀರಿಹೋಗುತ್ತದೆ, ಹೋಗುವಾಗಲೂ ಬರುವಾಗಲೂ. ತೇಜಸ್‌ನ ಮೊದಲ ಕೆವ್ಲಾರ್ ರೇಡೋಮ್ ರೇಡಾರನ್ನು ಹೀಗೇ ಕುಗ್ಗಿಸುತ್ತಿತ್ತು. ಬ್ರಿಟನ್ನಿನ ಕೋಬಮ್ ಕಂಪನಿಯ ಕ್ವಾರ್ಟ್ಜ್ ರೇಡೋಮ್ ಬಂದ ಮೇಲೆ ಅದೇ ರೇಡಾರ್ ದೂರ ನೋಡತೊಡಗಿತು.

ಎಂಜಿನ್ ಕಥೆ ಚಿಕ್ಕದು, ಆದರೆ ಕಹಿ. ಬೆಂಗಳೂರಿನ ಎಂಜಿನ್ ಸಂಶೋಧನಾಲಯ ಜಿಟಿಆರ್‌ಇಯ ಕಾವೇರಿ ಎಂಜಿನ್ನಿಗೆ ಮಂಜೂರಾತಿ ಸಿಕ್ಕಿದ್ದು 1989ರಲ್ಲಿ. 81 ಕಿಲೋನ್ಯೂಟನ್ ಗುರಿ. ನೂಕುಬಲ ಗುರಿ ಮುಟ್ಟಲಿಲ್ಲ, ತೂಕ ಗುರಿ ಮೀರಿತು. ಟರ್ಬೈನ್ ಬ್ಲೇಡು ಕರಗುಬಿಂದುವಿಗಿಂತ ಬಿಸಿ ಅನಿಲದಲ್ಲಿ ತಿರುಗಬೇಕಾದರೆ ಒಂದೇ ಹರಳಿನ ಲೋಹ, ಒಳಗೆ ಗಾಳಿ ಹರಿಯುವ ಸೂಕ್ಷ್ಮ ರಂಧ್ರ, ಮೇಲೆ ಶಾಖರೋಧಕ ಲೇಪ ಬೇಕು. ಇವುಗಳ ಗುಟ್ಟು ಯಾರೂ ಮಾರುವುದಿಲ್ಲ. ಎತ್ತರದ ಪರೀಕ್ಷೆಗೂ ರಷ್ಯಾಕ್ಕೆ ಹೋಗಬೇಕಿತ್ತು. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು. ತಾತ್ಕಾಲಿಕ ಎಂದು ತಂದ ಅಮೆರಿಕದ ಎಫ್404 ಖಾಯಂ ಆಯಿತು.

ಇನ್ನು ಐಒಸಿ, ಎಫ್‌ಒಸಿ (ಆರಂಭಿಕ ಮತ್ತು ಅಂತಿಮ ಕಾರ್ಯಾಚರಣೆ ಅನುಮತಿ) ಎಂಬ ಎರಡು ಮೆಟ್ಟಿಲು. ಮೊದಲನೆಯದು ಸಾಮಾನ್ಯ ಸ್ಕ್ವಾಡ್ರನ್ ಪೈಲಟ್ ಸುರಕ್ಷಿತವಾಗಿ ಹಾರಿಸಬಹುದು, ಕೆಲವೇ ಆಯುಧಗಳೊಂದಿಗೆ ಎನ್ನುವ ಪತ್ರ: 2013ರ ಡಿಸೆಂಬರ್. ಎರಡನೆಯದು ದೂರದ ಕ್ಷಿಪಣಿ, ಬಾನಲ್ಲಿ ಇಂಧನ, 8 ಜಿ ಮಿತಿ ಎಲ್ಲ ಸೇರಿದ ಪತ್ರ: 2019ರ ಫೆಬ್ರವರಿ. ನಡುವೆ, 2016ರ ಜುಲೈ 1ರಂದು, 45ನೇ ಸ್ಕ್ವಾಡ್ರನ್ ಬೆಂಗಳೂರಿನಲ್ಲಿ ತೇಜಸ್ ಪಡೆಯಿತು. ಆಮೇಲೆ ತಮಿಳುನಾಡಿನ ಸೂಲೂರಿಗೆ ಹೋಯಿತು. 2020ರ ಮೇ ತಿಂಗಳಲ್ಲಿ 18ನೇ ಸ್ಕ್ವಾಡ್ರನ್ ಅಲ್ಲೇ ಸೇರಿಕೊಂಡಿತು. ನೀವು ಓದಿದ ಗುಣಪಟ್ಟಿ ಪೂರ್ತಿಯಾಗಿ ಹೊಂದುವುದು ಎಫ್‌ಒಸಿ ವಿಮಾನಕ್ಕೆ. 2016ರಲ್ಲಿ ಬಂದದ್ದಕ್ಕೆ ಅದನ್ನು ಆರೋಪಿಸಿದರೆ ತಪ್ಪಾಗುತ್ತದೆ.

ಮಾರ್ಕ್ 1ಎ? ಹೊರಗಿನಿಂದ ನೋಡಿದರೆ ಅದೇ ವಿಮಾನ, ಅದೇ ಎಂಜಿನ್. ಒಳಗೆ ಬೇರೆ. ಹಳೆಯ ರೇಡಾರಿನಲ್ಲಿ ತಟ್ಟೆ ಯಾಂತ್ರಿಕವಾಗಿ ತಿರುಗುತ್ತದೆ. ಅದು ಆಕಾಶ ನೋಡುವಾಗ ನೆಲ ನೋಡಲಾರದು. ಎಇಎಸ್‌ಎ ರೇಡಾರಿನಲ್ಲಿ ನೂರಾರು ಪುಟ್ಟ ಪ್ರೇಷಕ-ಗ್ರಾಹಕಗಳು ಸಾಲಾಗಿ ಕೂತು, ಕಿರಣವನ್ನು ವಿದ್ಯುನ್ಮಾನವಾಗಿ ಮಿಲಿಸೆಕೆಂಡುಗಳಲ್ಲಿ ಆಚೀಚೆ ಒಯ್ಯುತ್ತವೆ. ಕೆಳಗೆ ನಕ್ಷೆ ತೆಗೆಯುತ್ತಲೇ ಮೇಲೆ ಶತ್ರುವನ್ನು ಹಿಂಬಾಲಿಸಬಹುದು. ಕೆಲವು ಕೋಶಗಳು ಸತ್ತರೆ ರೇಡಾರ್ ಸಾಯುವುದಿಲ್ಲ, ಸ್ವಲ್ಪ ಮಂಕಾಗುತ್ತದೆ ಅಷ್ಟೇ. ನೀವು ಕೇಳಿದ 'ಒಂದೇ ಹಾರಾಟದಲ್ಲಿ ಎರಡೂ' ಎಂಬುದು ನಿಜವಾಗಿ ಸಾಧ್ಯವಾಗುವುದು ಇಲ್ಲಿ. ಬೆಲೆಯೂ ಇದೆ: ಅಷ್ಟು ಕೋಶಗಳ ಶಾಖ ತೆಗೆಯಲು ದ್ರವದ ತಂಪುವ್ಯವಸ್ಥೆ ಬೇಕು, ವಿದ್ಯುತ್ತೂ ಹೆಚ್ಚು ಬೇಕು. ಆರಂಭದ ವಿಮಾನಗಳಿಗೆ ಇಸ್ರೇಲಿನ ಇಎಲ್/ಎಂ-2052. ಬೆಂಗಳೂರಿನ ರೇಡಾರ್ ಸಂಶೋಧನಾಲಯ ಎಲ್‌ಆರ್‌ಡಿಇ ಅಭಿವೃದ್ಧಿಪಡಿಸಿದ ಉತ್ತಮ್ ರೇಡಾರ್ ಅದರ ಜಾಗಕ್ಕೆ ಬರಬೇಕಾದದ್ದು. ಜೊತೆಗೆ ಶತ್ರು ರೇಡಾರನ್ನು ಕಂಗೆಡಿಸುವ ಜ್ಯಾಮರ್ ಪಾಡ್, ಒಂಬತ್ತನೇ ಪೈಲಾನ್, ಒಂದೇ ಪೈಲಾನಿಗೆ ಎರಡು ಕ್ಷಿಪಣಿ ಸಿಕ್ಕಿಸುವ ಜೋಡಿ ಚೌಕಟ್ಟು. ನಡುವಿನ ಪೈಲಾನಿನ ಜಗಳ ಇದರಿಂದ ತಕ್ಕಮಟ್ಟಿಗೆ ತೀರುತ್ತದೆ. ತೂಕದ ಗೆರೆ ಮಾತ್ರ ಅಲ್ಲೇ ಇದೆ, ಏಕೆಂದರೆ ಎಂಜಿನ್ ಬದಲಾಗಿಲ್ಲ. ಆ ಗೆರೆ ಸರಿಯುವುದು 98 ಕಿಲೋನ್ಯೂಟನ್ನಿನ ಎಫ್414 ಇರುವ, ಮೂತಿಯ ಬಳಿ ಕಿರುರೆಕ್ಕೆಯುಳ್ಳ, 17.5 ಟನ್ನಿನ ಮಾರ್ಕ್ 2ರಲ್ಲಿ. ಅದನ್ನು ಹಳೆಯ ಒಡಲಿಗೆ ತುರುಕಲಾಗುವುದಿಲ್ಲ. ದೊಡ್ಡ ಎಂಜಿನ್ ಹೆಚ್ಚು ಗಾಳಿ ಕೇಳುತ್ತದೆ, ಗಾಳಿಬಾಯಿ ದೊಡ್ಡದಾಗಬೇಕು, ಒಡಲು ಉದ್ದವಾಗಬೇಕು.

ಸದ್ಯಕ್ಕೆ ಕಟ್ಟಿಹಾಕಿರುವುದು ವಿನ್ಯಾಸಕ್ಕಿಂತ ಪೂರೈಕೆ. 2021ರ ಫೆಬ್ರವರಿಯಲ್ಲಿ ಸುಮಾರು 48,000 ಕೋಟಿ ರೂಪಾಯಿಗೆ 83 ವಿಮಾನಗಳ ಒಪ್ಪಂದವಾಯಿತು. ಮೊದಲ ಮಾರ್ಕ್ 1ಎ ಹಾರಿದ್ದು 2024ರ ಮಾರ್ಚ್ 28ರಂದು. ಆದರೆ ಅದಕ್ಕೆಂದು ಬೇಡಿಕೆ ಸಲ್ಲಿಸಿದ 99 ಎಂಜಿನ್‌ಗಳಲ್ಲಿ ಮೊದಲನೆಯದನ್ನು ಅಮೆರಿಕದ ತಯಾರಕ ಕಂಪನಿ ಜಿಇ ಕೈಗೊಪ್ಪಿಸಿದ್ದು 2025ರ ಮಾರ್ಚ್‌ನಲ್ಲಿ, ಏಕೆಂದರೆ ನಿಂತುಹೋಗಿದ್ದ ಎಫ್404-ಐಎನ್20ರ ತಯಾರಿಕಾ ಸಾಲನ್ನು ಮತ್ತೆ ಎಬ್ಬಿಸಬೇಕಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97 ವಿಮಾನಗಳಿಗೆ 62,370 ಕೋಟಿ ರೂಪಾಯಿಯ ಒಪ್ಪಂದವಾಗಿದೆ, ನವೆಂಬರ್‌ನಲ್ಲಿ ಅವುಗಳಿಗೆಂದು 113 ಎಂಜಿನ್‌ಗಳ ಒಪ್ಪಂದ. ಆ ಎಂಜಿನ್‌ಗಳು ಬರಬೇಕಿರುವುದು 2027ರಿಂದ 2032ರ ನಡುವೆ.